ಸ್ನಾನ ಒಂದೇ ಸಲ, ಆಮೇಲೆ?



ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರಿಗೆ ನೆಲೆ ಒದಗಿಸಿಕೊಟ್ಟ ಚಕ್ರವರ್ತಿ ಕಾನ್‌ಸ್ಟಂಟೈನ್ ತಾನು ದೀಕ್ಷಾಸ್ನಾನ ಪಡೆದದ್ದು ಮಾತ್ರ ಕ್ರಿ.ಶ. 337ರಲ್ಲಿ, ಸಾಯುವ ಕಾಲ ಹತ್ತಿರವಾದ ಮೇಲೆ. ಅಸಡ್ಡೆಯಿಂದಲ್ಲ. ದೀಕ್ಷೆಯ ನೀರು ಅಲ್ಲಿಯವರೆಗಿನ ಪಾಪವನ್ನೆಲ್ಲ ತೊಳೆಯುತ್ತದೆ ಎಂಬುದು ನಂಬಿಕೆ. ಆದರೆ ಆ ಸ್ನಾನ ಬದುಕಿನಲ್ಲಿ ಒಂದೇ ಸಲ. ಹರೆಯದಲ್ಲೇ ಮಿಂದುಬಿಟ್ಟರೆ ಮುಂದೆ ಮಾಡುವ ತಪ್ಪುಗಳಿಗೆ ಏನು ಗತಿ? ಅನೇಕರು ಹೀಗೆ ಲೆಕ್ಕ ಹಾಕಿ ಮುಂದೂಡುತ್ತಿದ್ದರು. ಮುಂದೆ ಸಂತನೆನಿಸಿದ ಅಗಸ್ಟೀನ್ ಬಾಲಕನಾಗಿದ್ದಾಗ ಕಾಯಿಲೆ ಬಿದ್ದ; ತಾಯಿ ಮೋನಿಕಾ ದೀಕ್ಷೆಗೆ ಸಿದ್ಧತೆ ಮಾಡಿದಳು. ಹುಡುಗ ಚೇತರಿಸಿಕೊಂಡ, ದೀಕ್ಷೆ ನಿಂತಿತು. ಮಿಲಾನಿನ ಜನ 374ರಲ್ಲಿ ಅಂಬ್ರೋಸನನ್ನು ಬಿಷಪ್ ಎಂದು ಆರಿಸಿದಾಗಲಂತೂ ಆ ಮಹಾನುಭಾವನಿಗೇ ಇನ್ನೂ ದೀಕ್ಷೆಯಾಗಿರಲಿಲ್ಲ! ತರಾತುರಿಯಲ್ಲಿ ಸ್ನಾನ ಮಾಡಿಸಿ ಪಟ್ಟ ಕಟ್ಟಿದರು. ಅದೇ ಅಂಬ್ರೋಸ್ 387ರ ಈಸ್ಟರ್‌ನಲ್ಲಿ, ಬೆಳೆದು ಪಂಡಿತನಾಗಿದ್ದ ಅಗಸ್ಟೀನನಿಗೆ ದೀಕ್ಷೆ ಕೊಟ್ಟ. ಆ ದೀಕ್ಷೆ ನಡೆದ ಎಂಟು ಮೂಲೆಯ ಕೊಳದ ಅವಶೇಷ ಮಿಲಾನಿನ ದೊಡ್ಡ ಚರ್ಚಿನ ಅಡಿಯಲ್ಲಿ ಈಗಲೂ ಇದೆ.

ದೀಕ್ಷೆಯ ಬಳಿಕ ಕೊಲೆ, ವ್ಯಭಿಚಾರದಂಥ ಪಾಪ ಮಾಡಿದವರಿಗೂ ಒಂದು ದಾರಿ ಇತ್ತು. ಎಲ್ಲರೆದುರು ಪಶ್ಚಾತ್ತಾಪಿಗಳ ಸಾಲಿನಲ್ಲಿ ನಿಲ್ಲಬೇಕು, ಪ್ರಸಾದದಿಂದ ದೂರ ಉಳಿಯಬೇಕು. ಈ ಅವಕಾಶವೂ ಒಂದೇ ಸಲ. ಚಕ್ರವರ್ತಿಗೂ ಇದರಿಂದ ವಿನಾಯಿತಿ ಇರಲಿಲ್ಲ. 390ರಲ್ಲಿ ಥೆಸಲೋನಿಕದಲ್ಲಿ ದಂಗೆಯೆದ್ದ ಜನ ಒಬ್ಬ ಸೇನಾಧಿಕಾರಿಯನ್ನು ಕೊಂದರು. ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ಊರಿನವರ ಮೇಲೆ ಬಿದ್ದು ಕಂಡಕಂಡವರನ್ನು ಕತ್ತರಿಸಿದರು. ಅಂಬ್ರೋಸ್ ಚಕ್ರವರ್ತಿಗೆ ಪತ್ರ ಬರೆದ: ನೀವಿರುವಲ್ಲಿ ನಾನು ಬಲಿಪೂಜೆ ಮಾಡಲಾರೆ. ಚಕ್ರವರ್ತಿ ರಾಜಲಾಂಛನ ಕಳಚಿಟ್ಟು, ಚರ್ಚಿನಲ್ಲಿ ಜನರ ಮುಂದೆ ಅತ್ತ. ಅಧಿಕಾರದಲ್ಲಿರುವವರು ವಿಷಾದ ವ್ಯಕ್ತಪಡಿಸುವ ಹೇಳಿಕೆಗಳನ್ನೇ ಕೇಳಿ ಅಭ್ಯಾಸವಾದ ನಮಗೆ ಇದು ನಂಬಲು ಕಷ್ಟ.

ಇಷ್ಟು ಕಠಿಣವಾದದ್ದನ್ನು ಜನಸಾಮಾನ್ಯರು ಎಲ್ಲಿ ಮಾಡಿಯಾರು? ಅದನ್ನೂ ಮುಂದೂಡಿದರು. ಈ ತೊಡಕನ್ನು ಬಗೆಹರಿಸಿದವರು ಐರ್ಲೆಂಡಿನ ಸನ್ಯಾಸಿಗಳು. ಆರನೆಯ ಶತಮಾನದ ಕೊನೆಗೆ ಕೊಲಂಬಾನಸ್ ಮುಂತಾದವರು ಯೂರೋಪಿನ ಮುಖ್ಯಭೂಮಿಗೆ ತಂದ ಪದ್ಧತಿಯಲ್ಲಿ ಗುರುಗಳ ಕಿವಿಯಲ್ಲಿ ತಪ್ಪು ಹೇಳಿಕೊಂಡರೆ ಸಾಕು; ಎಷ್ಟು ಸಲ ಬಿದ್ದರೂ ಅಷ್ಟು ಸಲ ಬರಬಹುದು. ಯಾವ ತಪ್ಪಿಗೆ ಯಾವ ಪ್ರಾಯಶ್ಚಿತ್ತ ಎಂಬುದಕ್ಕೆ ಕೈಪಿಡಿಗಳೂ ಇದ್ದವು. ಕುಡಿದು ವಾಂತಿ ಮಾಡಿಕೊಂಡ ಗೃಹಸ್ಥನಿಗೆ ಒಂದು ವಾರ ಬರೀ ರೊಟ್ಟಿ, ನೀರು. 1215ರ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿತು. ಗುರುಗಳಿಗೂ ಭಕ್ತರಿಗೂ ನಡುವೆ ಜಾಲರಿ ಇರುವ ಮರದ ಗೂಡು ಬಂದದ್ದು ಹದಿನಾರನೆಯ ಶತಮಾನದಲ್ಲಿ. ಅದನ್ನು ರೂಢಿಗೆ ತಂದವರಲ್ಲಿ ಮುಖ್ಯರು ಮತ್ತೆ ಮಿಲಾನಿನವರೇ, ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ.

ಅಷ್ಟರೊಳಗೆ ಪ್ರಾಯಶ್ಚಿತ್ತಕ್ಕೆ ದುಡ್ಡಿನ ನಂಟು ಅಂಟಿತ್ತು; ಪಾಪದ ಶಿಕ್ಷೆ ಮನ್ನಾ ಮಾಡುವ ಚೀಟಿಗಳು ಮಾರಾಟವಾಗುತ್ತಿದ್ದವು. 1517ರಲ್ಲಿ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಅದರ ವಿರುದ್ಧ 95 ವಾದಗಳನ್ನು ಮುಂದಿಟ್ಟ. ಕ್ರೈಸ್ತನ ಇಡೀ ಬದುಕೇ ಪಶ್ಚಾತ್ತಾಪ ಎಂಬುದು ಮೊದಲನೆಯದರ ತಾತ್ಪರ್ಯ. ಚೀಟಿ ಕೊಂಡು ಮುಗಿಸುವ ವ್ಯವಹಾರ ಅದಲ್ಲ. ಆದರೂ ಲೂಥರ್ ಖಾಸಗಿ ಪಾಪನಿವೇದನೆಯನ್ನು ಕೈಬಿಡಲಿಲ್ಲ ಎನ್ನುವುದನ್ನು ಮರೆಯಬಾರದು. ಇಂದು ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕರ್ತನ ಭೋಜನಕ್ಕೆ ಮೊದಲು ಎಲ್ಲರೂ ಒಟ್ಟಿಗೆ, ದನಿಗೂಡಿಸಿ ತಪ್ಪೊಪ್ಪಿಕೊಳ್ಳುತ್ತಾರೆ. ಕರಾವಳಿಯ ಕಥೋಲಿಕ ಇಗರ್ಜಿಗಳಲ್ಲಿ ಬೂದಿ ಬುಧವಾರದಂದು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರು. ಹಿಂದಿನ ವರ್ಷದ ಗರಿಗಳ ಭಾನುವಾರದ ಒಣಗರಿ ಸುಟ್ಟ ಬೂದಿಯೇ ಅಂದು ಹಣೆಗೆ. ಈಸ್ಟರ್ ಹತ್ತಿರವಾದಂತೆ ಪಾಪನಿವೇದನೆಯ ಸಾಲು ಬೆಳೆಯುತ್ತದೆ. ಆಗ ಬೇರೆ ಊರಿನ ಗುರುಗಳು ಬಂದು ಕೂರುವುದೂ ಉಂಟು. ಕೆಲವರಿಗೆ ಪರಿಚಯವಿಲ್ಲದ ಕಿವಿಯೇ ಹಿತ!

ನನಗೆ ಗೂಡಿನೊಳಗಿನ ಮಾತಿಗಿಂತ ಹೊರಗೆ ಬಂದ ಮೇಲಿನ ಕೆಲಸವೇ ಮುಖ್ಯವಾಗಿ ಕಾಣುತ್ತದೆ. ಲೂಕನ ಸುವಾರ್ತೆಯಲ್ಲಿ ಜಕ್ಕಾಯನೆಂಬ ಸುಂಕದವನಿದ್ದಾನೆ. ಜೆರಿಕೊ ಊರಿನ ಸಿರಿವಂತ, ಕುಳ್ಳ. ಗುಂಪಿನಲ್ಲಿ ಯೇಸು ಕಾಣಿಸಲಿಲ್ಲವೆಂದು ಮರ ಹತ್ತಿದವನು. ಯೇಸು ಅವನ ಮನೆಗೆ ಹೋದಾಗ ಜಕ್ಕಾಯ ಅಳಲಿಲ್ಲ, ಬೂದಿ ಬಳಿದುಕೊಳ್ಳಲಿಲ್ಲ. ಎದ್ದು ನಿಂತು ಲೆಕ್ಕ ಒಪ್ಪಿಸಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ಸು.

ಕಥೋಲಿಕ ಬೋಧನೆ ಇದನ್ನೇ ನಿಯಮವಾಗಿಸಿದೆ. ಕದ್ದದ್ದನ್ನು ಹಿಂದಿರುಗಿಸುವ ಮನಸ್ಸಿಲ್ಲದವನಿಗೆ ಪಾಪವಿಮೋಚನೆಯೂ ಇಲ್ಲ. ಕಳೆದುಕೊಂಡವನು ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಬೇಕು, ಅವರೂ ಸಿಗದಿದ್ದರೆ ಬಡವರಿಗೆ. ಸುಳ್ಳು ಹೇಳಿ ಒಬ್ಬರ ಮಾನ ಕಳೆದಿದ್ದರೆ ಅದನ್ನೂ ಕೈಲಾದಮಟ್ಟಿಗೆ ತುಂಬಿಕೊಡಬೇಕು. ಅಂದರೆ ಯಾರ ಮುಂದೆ ಆ ಸುಳ್ಳು ಆಡಿದ್ದೆವೋ ಅವರ ಬಳಿಗೇ ಹೋಗಿ, ನಾನು ಹೇಳಿದ್ದು ಸುಳ್ಳು ಎನ್ನಬೇಕು.