ಕೇಳಿ ಸವೆದದ್ದು, ಕೇಳದೆ ಉಳಿದದ್ದು

ದೇಶದ ಮೊದಲ ಎಫ್‌ಎಂ ಪ್ರಸಾರವನ್ನು ಆಕಾಶವಾಣಿ ಆರಂಭಿಸಿದ್ದು ಇದೇ ಮದರಾಸಿನಲ್ಲಿ, 1977ರ ಜುಲೈ 23ರಂದು. ರೇಡಿಯೋದಲ್ಲಿ ಹಳೆಯ ರಾಕ್ ಎಷ್ಟಿರಬೇಕು, ಹೊಸದೆಷ್ಟಿರಬೇಕು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಲು ಇದಕ್ಕಿಂತ ತಕ್ಕ ಊರಿಲ್ಲ. ಯಾವ ಹಾಡೂ ಹುಟ್ಟುತ್ತಲೇ ಕ್ಲಾಸಿಕ್ ಆಗುವುದಿಲ್ಲ, ಪಟ್ಟುಬಿಡದೆ ಹಾಕಿ ಹಾಕಿ ರೇಡಿಯೋ ಅದನ್ನು ಹಾಗೆ ಮಾಡುತ್ತದೆ ಎಂಬುದು ನನ್ನ ವಾದ. 1975ರಲ್ಲಿ ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸಡಿ’ ಬಂದಾಗ, ಸುಮಾರು ಆರು ನಿಮಿಷದ ಹಾಡು ರೇಡಿಯೋಗೆ ಒಗ್ಗದು ಎಂದವರೇ ಹೆಚ್ಚು. ಲಂಡನ್ನಿನ ಕ್ಯಾಪಿಟಲ್ ರೇಡಿಯೋದಲ್ಲಿ ಕೆನ್ನಿ ಎವರೆಟ್ ಅದನ್ನು ಮತ್ತೆ ಮತ್ತೆ ಹಾಕಿದರು. ಜನ ಅಂಗಡಿಗೆ ಹೋಗಿ ರೆಕಾರ್ಡ್ ಕೇಳತೊಡಗಿದರು. ಇಂದು ಹಳೆಯದೆಂದು ನಾವು ಗೌರವಿಸುವುದು ಅಂದಿನ ಒಬ್ಬರ ಧೈರ್ಯವನ್ನು.

ಅಣ್ಣಾ ಸಾಲೈಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಗೊತ್ತಿಲ್ಲದ ಹಾಡು ಬಂದರೆ ಸ್ಟೇಷನ್ ಬದಲಿಸುತ್ತಾರೆ, ಜಾಹೀರಾತೂ ಅವರ ಜೊತೆಗೇ ಹೋಗುತ್ತದೆ ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಜಾಹೀರಾತು, ಮಾತು ಕಳೆದರೆ ಗಂಟೆಗೆ ಹತ್ತು ಹಾಡು ಸಿಗಬಹುದು. ಅದರಲ್ಲಿ ಎರಡು ಹೊಸದನ್ನು ಪರಿಚಿತ ಹಾಡುಗಳ ನಡುವೆ ಇಟ್ಟು, ವಾರವಿಡೀ ಬೇರೆ ಬೇರೆ ಹೊತ್ತಿನಲ್ಲಿ ಹಾಕಿದರೆ ನಾಲ್ಕನೆಯ ಸಲಕ್ಕೆ ಕಿವಿಗೆ ಗುರುತು ಹತ್ತುತ್ತದೆ. ಒಮ್ಮೆ ಹಾಕಿ ಕೈಬಿಡುವುದು ಹೊಸ ಹಾಡಿಗೆ ಮಾಡುವ ಅನ್ಯಾಯ. ಹಳೆಯದಕ್ಕೂ ಅನ್ಯಾಯವಾಗುತ್ತಿದೆ. ಡೀಪ್ ಪರ್ಪಲ್ ಎಂದರೆ ‘ಸ್ಮೋಕ್ ಆನ್ ದ ವಾಟರ್’ ಒಂದೇ ಎಂಬಂತಾಗಿದೆ. 1972ರ ಅದೇ ಆಲ್ಬಮ್ಮಿನಲ್ಲಿ ಆರ್ಗನ್ನಿನಿಂದ ನಿಧಾನವಾಗಿ ಏಳುವ ‘ಲೇಜಿ’ ಇದೆ, ಹೆಚ್ಚಿನವರ ಕಿವಿಗೆ ಬಿದ್ದೇ ಇಲ್ಲ. ಅದು ಅವರ ಪಾಲಿಗೆ ಹೊಸ ಹಾಡೇ. ಆದ್ದರಿಂದ ಇಸವಿ ನೋಡಿ ಪಾಲು ಹಂಚುವುದಕ್ಕಿಂತ ಕೇಳಿ ಸವೆದದ್ದೆಷ್ಟು, ಕೇಳದೆ ಉಳಿದದ್ದೆಷ್ಟು ಎಂದು ನೋಡುವುದು ಮೇಲು.

ಹೊಸದು ಬೇಕಾದವರಿಗೆ ಮೊಬೈಲಿದೆಯಲ್ಲ ಎನ್ನುವವರಿದ್ದಾರೆ. ಮೊಬೈಲು ಬಹುಮಟ್ಟಿಗೆ ನಾವು ಈಗಾಗಲೇ ಮೆಚ್ಚಿದ್ದರ ಜಾಡನ್ನೇ ಹಿಡಿಯುತ್ತದೆ. ಚೆನ್ನೈಯದೇ ತಂಡಗಳಾದ ‘ಸ್ಕ್ರಾಟ್’, ‘ದ ಎಫ್16ಸ್’ ಹೆಸರನ್ನೇ ಕೇಳದವರು ಅವನ್ನು ಹುಡುಕುವುದಾದರೂ ಹೇಗೆ? ರೇಡಿಯೋದವರು ಹೆಸರು ಹೇಳಿ, ಊರು ಹೇಳಿ ಹಾಕಬೇಕು. ನಮ್ಮ ಕನ್ನಡದಲ್ಲೇ ನೋಡಿ: ಹತ್ತೊಂಬತ್ತನೆಯ ಶತಮಾನದ ಶಿಶುನಾಳ ಶರೀಫರನ್ನು ಸಿ. ಅಶ್ವತ್ಥ್ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ತಂದರು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಅದೇ ಶರೀಫರನ್ನು ಗಿಟಾರಿಗೆ ತಂದರು. ಇವರಿಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ಹಾಕಿದರೆ, ಯಾವುದನ್ನು ಹಳೆಯದರ ಪಾಲಿಗೆ ಬರೆಯೋಣ?