ಕರ್ತೃ ಕಾಣೆಯಾದ ವಾಕ್ಯ

ಕರ್ಮಣಿ ಪ್ರಯೋಗವನ್ನು ನಾವೆಲ್ಲ ಕಲಿತದ್ದು ರಾಮ ರಾವಣರಿಂದ. ‘ರಾಮನು ರಾವಣನನ್ನು ಕೊಂದನು’ ಎಂಬುದನ್ನು ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಬದಲಿಸಿ ಬರೆದರೆ ಪೂರ್ತಿ ಅಂಕ. ಆಡುಮಾತಿನಲ್ಲಿ ಹೀಗೆ ಹೇಳುವವರನ್ನು ನಾನು ಕಂಡಿಲ್ಲ. ಆದರೂ ಅದನ್ನು ಕಲಿಸುತ್ತೇವೆ, ಏಕೆಂದರೆ 13ನೆಯ ಶತಮಾನದ ವೈಯಾಕರಣ ಕೇಶಿರಾಜನಿಂದ ಹಿಡಿದು ನಮ್ಮ ವ್ಯಾಕರಣಕ್ಕೆ ಸಂಸ್ಕೃತವೇ ಅಚ್ಚು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಅದೆಲ್ಲ ನಿಮಗೆ ಗೊತ್ತಿರುವುದೇ. ನನ್ನ ತಕರಾರು ಇರುವುದು ‘ಲಾಯಿತು’ ಬಗ್ಗೆ.

‘ಕಳ್ಳನನ್ನು ಬಂಧಿಸಲಾಯಿತು.’ ಇದನ್ನೂ ಕರ್ಮಣಿ ಎಂದೇ ಹಲವರು ಕರೆಯುತ್ತಾರೆ. ನಾನು ಒಪ್ಪುವುದಿಲ್ಲ. ‘ಕಳ್ಳನು ಬಂಧಿಸಲ್ಪಟ್ಟನು’ ಎಂದಾಗ ಕಳ್ಳ ಪ್ರಥಮಾ ವಿಭಕ್ತಿಗೆ ಬರುತ್ತಾನೆ, ಕ್ರಿಯಾಪದ ಅವನ ಲಿಂಗ ವಚನಗಳನ್ನು ಹಿಡಿಯುತ್ತದೆ. ‘ಬಂಧಿಸಲಾಯಿತು’ ಎಂದಾಗ ಅವನು ದ್ವಿತೀಯಾದಲ್ಲೇ ಉಳಿಯುತ್ತಾನೆ. ಕಳ್ಳಿಯಾದರೂ ಕಳ್ಳರಾದರೂ ‘ಲಾಯಿತು’ ಬದಲಾಗುವುದಿಲ್ಲ. ಕರ್ಮ ಇದ್ದಲ್ಲೇ ಇದೆ. ಕರ್ತೃ ಮಾತ್ರ ನಾಪತ್ತೆ.

ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ತರಗತಿಗೆ ಪತ್ರಿಕೆ ತಂದು ಇಂಥ ವಾಕ್ಯಗಳನ್ನು ಓದಿಸುತ್ತಿದ್ದರು. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂದು ಓದಿದ ಕೂಡಲೇ ‘ಯಾರು?’ ಎನ್ನುವರು. ಸುದ್ದಿಯ ಕೊನೆಯವರೆಗೆ ತಡಕಾಡಿದರೂ ಹೆಸರು ಸಿಗುತ್ತಿರಲಿಲ್ಲ. ‘ಹಾಗಾದರೆ ಅರ್ಜಿ ಹಾಕಿದವನು ಯಾರ ಹತ್ತಿರ ಹೋಗಿ ಕೇಳಬೇಕು?’ ಎಂದು ಕೇಳಿ ಸುಮ್ಮನಾಗುವರು. ನಾನು ವ್ಯಾಕರಣದ ಹಿಂದೆ ಬಿದ್ದದ್ದು ಆ ಪ್ರಶ್ನೆಯಿಂದ.

ಮನೆಮಾತಿನಲ್ಲೂ ಕರ್ತೃವನ್ನು ಬಿಡುತ್ತೇವೆ. ‘ಲೋಟ ಒಡೆದುಹೋಯ್ತು’ ಎಂದ ಮಗುವನ್ನು ತಾಯಿ ಕೆದಕದೆ ಚೂರು ಗುಡಿಸುತ್ತಾಳೆ. ಅದು ದೊಡ್ಡತನ. ಕಚೇರಿಯ ಪತ್ರದಲ್ಲಿ ಅದೇ ಮೌನ ನುಣುಚಿಕೊಳ್ಳುವ ದಾರಿ.

ಇನ್ನು ಸಭೆಗಳ ನಡಾವಳಿ. ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆಯುತ್ತೇವೆ. ಇಬ್ಬರು ಮಾತಾಡಿರುತ್ತಾರೆ, ಉಳಿದವರು ಗಡಿಯಾರ ನೋಡುತ್ತಾ ಕೂತಿರುತ್ತಾರೆ. ಆ ಉಳಿದವರು ಈ ವಾಕ್ಯದಲ್ಲಿ ಕರ್ತೃಗಳೋ, ಕರ್ಮವೋ? ಬಾಯಿಬಿಡದೆ ಕೂತದ್ದು ಒಪ್ಪಿಗೆಯೋ, ಅಂಜಿಕೆಯೋ, ಬರೀ ಆಯಾಸವೋ? ಒಮ್ಮೊಮ್ಮೆ ಸುಮ್ಮನಿರುವುದೇ ಗಟ್ಟಿ ಪ್ರತಿಭಟನೆಯಲ್ಲವೆ? ಇಷ್ಟು ವರ್ಷ ಯೋಚಿಸಿಯೂ ಈ ಪ್ರಶ್ನೆ ನನ್ನಲ್ಲಿ ಬಗೆಹರಿದಿಲ್ಲ.

ಆದರೂ ಒಂದು ಕೋರಿಕೆ. ನಿಮ್ಮ ಸಂಘದ ಮುಂದಿನ ನಡಾವಳಿಯಲ್ಲಿ ‘ತೀರ್ಮಾನಿಸಿದೆವು’ ಎಂದು ಬರೆಯಿರಿ. ಒಪ್ಪದವರಿದ್ದರೆ ಅವರ ಹೆಸರನ್ನೂ ಬರೆಯಿರಿ.