ಕಡಲಿಗೊಂದು ಕಟ್ಟಳೆ

ಹೊಲದಲ್ಲಿ ಬೆಳೆದುದೆಲ್ಲವನ್ನೂ ರೈತನು ಉಣ್ಣುವುದಿಲ್ಲ. ಮುಂದಿನ ಬಿತ್ತನೆಗೆಂದು ಒಳ್ಳೆಯ ಕಾಳನ್ನು ಆರಿಸಿ ತೆಗೆದಿಡುತ್ತಾನೆ. ಮನೆಯಲ್ಲಿ ಎಷ್ಟೇ ಮುಗ್ಗಟ್ಟಿದ್ದರೂ ಬೀಜದ ಕಾಳಿಗೆ ಕೈಹಾಕಲು ಅಂಜುತ್ತಾನೆ. ಈ ನಿಯಮವನ್ನು ಯಾವ ಸರ್ಕಾರವೂ ಅವನಿಗೆ ವಿಧಿಸಬೇಕಾಗಿಲ್ಲ. ಹೊಲವೂ ಅವನದು, ನಷ್ಟವೂ ಅವನದು. ಕಡಲಿನ ವಿಷಯ ಹಾಗಲ್ಲ. ಅಲ್ಲಿ ಬಿತ್ತಿದವರಾರೂ ಇಲ್ಲ, ಕೊಯ್ಯುವವರು ಮಾತ್ರ ಎಲ್ಲರೂ. ಒಬ್ಬನು ನಾಳೆಗೆಂದು ಬಿಟ್ಟ ಮೀನನ್ನು ಮತ್ತೊಬ್ಬನು ಇಂದೇ ಹಿಡಿದೊಯ್ಯುವನು. ಆದಕಾರಣ ಕಡಲಿನ ಬೀಜವನ್ನು ಕಾಯುವ ಹೊಣೆ ಕಾನೂನಿನ ಮೇಲೆ ಬೀಳುತ್ತದೆ. ಆ ಕಾನೂನು ಯಾವ ಕಾಲದಲ್ಲಿ ಬರಬೇಕು ಎಂಬುದನ್ನು ಈ ಸಂಜೆ ನಾವು ವಿಚಾರ ಮಾಡೋಣ. ಕೆನಡಾ ದೇಶದ ಪೂರ್ವತೀರದಲ್ಲಿರುವ ನ್ಯೂಫೌಂಡ್‌ಲೆಂಡ್ ದ್ವೀಪದ ಕಾಡ್ ಮೀನಿನ ಚರಿತ್ರೆ ಇದಕ್ಕೆ ತಕ್ಕ ನಿದರ್ಶನ.

1497ರಲ್ಲಿ ಜಾನ್ ಕ್ಯಾಬಟ್ ಎಂಬ ನಾವಿಕನು ಇಂಗ್ಲೆಂಡಿನಿಂದ ಹೊರಟು ಆ ಕಡೆಯ ತೀರವನ್ನು ಮುಟ್ಟಿ ಬಂದನು. ಅಲ್ಲಿ ಮೀನು ಹಿಡಿಯಲು ಬಲೆಯೂ ಬೇಕಿಲ್ಲ, ಕಲ್ಲು ಕಟ್ಟಿದ ಬುಟ್ಟಿಯನ್ನು ನೀರಿಗೆ ಇಳಿಬಿಟ್ಟರೆ ಸಾಕು ಎಂಬ ವದಂತಿ ಅವನ ಹಿಂದೆಯೇ ಯೂರೋಪಿಗೆ ಬಂದಿತು. ಕಾಡ್ ಮೀನಿನ ಮಾಂಸದಲ್ಲಿ ಕೊಬ್ಬು ಕಡಮೆ. ಉಪ್ಪು ಹಾಕಿ ಒಣಗಿಸಿದರೆ ಅದು ಬಹುಕಾಲ ಕೆಡದೆ ನಿಲ್ಲುತ್ತದೆ. ಹಡಗಿನಲ್ಲಿ ದೇಶದೇಶಗಳಿಗೆ ಹೋಗುತ್ತದೆ. ಈ ಒಂದು ಮೀನನ್ನು ನೆಚ್ಚಿಕೊಂಡು ಆ ದ್ವೀಪದ ತೀರದುದ್ದಕ್ಕೂ ನೂರಾರು ಹಳ್ಳಿಗಳು ಹುಟ್ಟಿದುವು.

ಇಷ್ಟು ದೊಡ್ಡ ಸಂಪತ್ತಿಗೆ ಮಿತಿಯುಂಟೆ? 1883ರಲ್ಲಿ ಲಂಡನ್ನಿನಲ್ಲಿ ನಡೆದ ಮತ್ಸ್ಯೋದ್ಯಮ ಪ್ರದರ್ಶನದಲ್ಲಿ ಪ್ರಸಿದ್ಧ ವಿಜ್ಞಾನಿ ಥಾಮಸ್ ಹಕ್ಸ್‌ಲಿ, ಕಾಡ್ ಮೀನಿನಂತಹ ಮಹಾಸಮುದ್ರದ ಮೀನುಗಾರಿಕೆ ಪ್ರಾಯಶಃ ಎಂದಿಗೂ ಬತ್ತದು ಎಂದು ಅಭಿಪ್ರಾಯಪಟ್ಟನು. ಅವನು ಆಡಿದುದು ಅಂದಿನ ಮೀನುಗಾರಿಕೆಯ ವಿಧಾನಗಳನ್ನು ಲಕ್ಷ್ಯದಲ್ಲಿಟ್ಟು. ವಿಧಾನಗಳು ಬದಲಾದುವು, ಬತ್ತದೆಂಬ ನಂಬಿಕೆ ಮಾತ್ರ ಜನರ ಮನಸ್ಸಿನಲ್ಲಿ ಹಾಗೆಯೇ ಉಳಿಯಿತು.

1950ರ ದಶಕದಿಂದ ಕಾರ್ಖಾನೆಯಂತಹ ದೊಡ್ಡ ಹಡಗುಗಳು ಆ ಕಡಲಿಗೆ ಬಂದುವು. ಅವು ಭಾರಿ ಬಲೆಗಳನ್ನು ಸಮುದ್ರದ ಆಳದಲ್ಲಿ ಎಳೆದು, ಹಿಡಿದ ಮೀನನ್ನು ಹಡಗಿನಲ್ಲಿಯೇ ಸೀಳಿ, ಮಂಜುಗಟ್ಟಿಸಿ ಇಡಬಲ್ಲವು. 1968ರಲ್ಲಿ ನ್ಯೂಫೌಂಡ್‌ಲೆಂಡಿನ ಉತ್ತರ ಕಾಡ್ ಮೀನು ಸುಮಾರು 8 ಲಕ್ಷ ಟನ್ನುಗಳಷ್ಟು ಸಿಕ್ಕಿತು. ಅದು ಆ ಸಂಪತ್ತಿನ ಬಡ್ಡಿಯಲ್ಲ, ಅಸಲು. ಕೆಲವೇ ವರ್ಷಗಳಲ್ಲಿ ಹಿಡಿತ ಕುಸಿಯಿತು.

1977ರಲ್ಲಿ ಕೆನಡಾ ಸರ್ಕಾರ ತೀರದಿಂದ 200 ಮೈಲಿಗಳವರೆಗಿನ ಕಡಲನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡು ವಿದೇಶದ ಹಡಗುಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತು. ವರ್ಷಕ್ಕೆ ಇಷ್ಟೇ ಹಿಡಿಯತಕ್ಕದ್ದೆಂಬ ಕಟ್ಟಳೆಯೂ ಇದ್ದಿತು. ಆದರೆ ವಿದೇಶೀಯರು ಬಿಟ್ಟ ಸ್ಥಳವನ್ನು ಸ್ವದೇಶದ ಹಡಗುಗಳು ತುಂಬಿದುವು. ಮೀನಿನ ಲೆಕ್ಕವೂ ತಪ್ಪಿತು. ಉಳಿದ ಮೀನುಗಳು ಕೆಲವೆಡೆ ಗುಂಪುಗೂಡುತ್ತಿದ್ದುದರಿಂದ ದೊಡ್ಡ ಹಡಗುಗಳ ಬಲೆ ತುಂಬಿಯೇ ಬರುತ್ತಿದ್ದಿತು. ಅದನ್ನು ನೋಡಿ, ಕಡಲಲ್ಲೆಲ್ಲ ಮೀನು ಹೇರಳವಾಗಿದೆಯೆಂದು ಎಣಿಸಲಾಯಿತು. ತೀರದಲ್ಲಿ ಸಣ್ಣ ದೋಣಿಗಳಿಂದ ಜೀವಿಸುತ್ತಿದ್ದವರು, ಮೀನು ಕಡಮೆಯಾಗಿದೆ, ಸಿಕ್ಕಿದ್ದೂ ಚಿಕ್ಕದಾಗಿದೆ ಎಂದು ಮೊರೆಯಿಟ್ಟರು. ಅವರ ಮಾತಿಗೆ ಸಲ್ಲಬೇಕಾದ ಬೆಲೆ ಸಲ್ಲಲಿಲ್ಲ.

1992ರ ಜುಲೈ 2ರಂದು ಮೀನುಗಾರಿಕೆಯ ಮಂತ್ರಿ ಜಾನ್ ಕ್ರಾಸ್‌ಬಿ ಉತ್ತರ ಕಾಡ್ ಮೀನಿನ ವಾಣಿಜ್ಯ ಮೀನುಗಾರಿಕೆಗೆ ನಿಷೇಧವನ್ನು ಸಾರಿದನು. ಅವನೂ ಅದೇ ದ್ವೀಪದವನು. ಸುಮಾರು 30,000 ಮಂದಿಯ ಉದ್ಯೋಗ ಒಮ್ಮೆಗೇ ಹೋಯಿತು. ಸರ್ಕಾರ ಜೀವನಕ್ಕೆ ಸಹಾಯಧನ ಕೊಟ್ಟಿತು. ಆದರೆ ತಂದೆ ಮಗನಿಗೆ ಕಲಿಸುವ ಕಸಬನ್ನು ಯಾವ ಸಹಾಯಧನವೂ ಹಿಂದಿರುಗಿಸಲಾರದು. ಹಲವರು ಊರು ಬಿಟ್ಟು ಹೋದರು. ಎರಡು ವರ್ಷಕ್ಕೆಂದು ಬಂದ ನಿಷೇಧ ಮೂವತ್ತು ವರ್ಷಗಳನ್ನು ಮೀರಿ ನಡೆಯಿತು. ನಡುವೆ ಸಣ್ಣ ಪ್ರಮಾಣದ ಹಿಡಿತಕ್ಕೆ ಅವಕಾಶವಿದ್ದಿತು. 2024ರಲ್ಲಿ ನಿಷೇಧ ತೆಗೆದಾಗ ಆ ವರ್ಷಕ್ಕೆ ಗೊತ್ತುಮಾಡಿದ ಮಿತಿ 18,000 ಟನ್ನು. 8 ಲಕ್ಷವೆಲ್ಲಿ, 18,000ವೆಲ್ಲಿ! ಇಷ್ಟಕ್ಕೂ ಇದು ಅವಸರವಾಯಿತೆಂದು ಆಕ್ಷೇಪಿಸಿದವರುಂಟು.

ಕಾಡ್ ಮೀನಿನ ನಾಶಕ್ಕೆ ಬಲೆಯೊಂದೇ ಕಾರಣವಲ್ಲ, ಆ ವರ್ಷಗಳಲ್ಲಿ ನೀರು ವಿಶೇಷವಾಗಿ ತಣ್ಣಗಾಗಿದ್ದಿತು, ಅದರ ಆಹಾರವಾದ ಕೇಪ್ಲಿನ್ ಎಂಬ ಸಣ್ಣ ಮೀನೂ ಕ್ಷೀಣಿಸಿತು ಎಂದು ಕೆಲವರು ವಾದಿಸುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ನೀರಿನ ಶೀತಕ್ಕೆ ಯಾವ ಸರ್ಕಾರವೂ ಆಜ್ಞೆ ಮಾಡಲಾರದು, ಬಲೆಗೆ ಮಾಡಬಹುದು. ಬರಗಾಲ ಬರುವುದೆಂದು ಬಲ್ಲವನು ಕಣಜವನ್ನು ಬರಿದುಮಾಡಿ ಕುಳಿತಿರಬಹುದೆ? ಹೆಣ್ಣು ಕಾಡ್ ಮೀನು ಲಕ್ಷಗಟ್ಟಲೆ ಮೊಟ್ಟೆಯಿಡುವುದು ನಿಜ. ಆದರೆ ಆ ತಣ್ಣೀರಿನಲ್ಲಿ ಅದು ಬೆಳೆದು ಮೊಟ್ಟೆಯಿಡುವಷ್ಟಾಗಲು ಐದಾರು ವರ್ಷಗಳೇ ಬೇಕು. ಅಷ್ಟು ಕಾಲ ಅದನ್ನು ಬದುಕಗೊಡದಿದ್ದರೆ ಲಕ್ಷದ ಲೆಕ್ಕ ಲೆಕ್ಕದಲ್ಲಿಯೇ ಉಳಿಯುತ್ತದೆ.

ಆದುದರಿಂದ ಮಿತಿಯ ಕಾನೂನು ಬರಬೇಕಾದುದು ಮೀನು ಹೇರಳವಾಗಿರುವಾಗ. ಆಗ ಅದು ಪ್ರತಿಯೊಬ್ಬನಿಂದಲೂ ಸ್ವಲ್ಪ ಸ್ವಲ್ಪ ಕೇಳುತ್ತದೆ. ಕೇಳಿದುದನ್ನು ಮುಂದೆ ಹಿಂದಿರುಗಿಸುತ್ತದೆ. ಮೀನು ಮುಗಿದ ಮೇಲೆ ಬಂದರೆ ಅದು ಶಿಕ್ಷೆಯಾಗುತ್ತದೆ. ದೊಡ್ಡ ಹಡಗು ಬೇರೊಂದು ಕಡಲಿಗೆ ಹೋದೀತು. ಸಣ್ಣ ದೋಣಿಯವನಿಗೆ ಬೇರೆ ಕಡಲಿಲ್ಲ. ಮೊದಲು ಎಚ್ಚರಿಕೆ ಹೇಳಿದವನೇ ಕಡೆಗೆ ಹೆಚ್ಚು ದಂಡ ತೆತ್ತನು. ತುಂಬಿದ ಕಡಲಿಗೆ ಕಟ್ಟಳೆ ಏಕೆಂದು ಯಾರಾದರೂ ಕೇಳಿದರೆ, ನ್ಯೂಫೌಂಡ್‌ಲೆಂಡಿನ ಬರಿದಾದ ದೋಣಿಗಳನ್ನು ತೋರಿಸಿದರೆ ಸಾಕು.